ಎರಡನೆಯ ನಿಮಿಷದ ಒಲೆ

ರಾತ್ರಿ ಹನ್ನೆರಡೂವರೆಯ ಹೊತ್ತಿಗೆ ಗುಲಾಬಿಗೆ ಎಚ್ಚರವಾದದ್ದು ‘ಟಕ್’ ಎಂಬ ಒಂದು ಸಣ್ಣ ಸದ್ದಿನಿಂದ. ಗ್ಯಾಸ್ ಒಲೆಯ ಗುಂಡಿಯನ್ನು ಯಾರೋ ಒತ್ತಿ ತಿರುಗಿಸಿದರೆ ಬರುವಷ್ಟೇ ಸದ್ದು. ಇನ್ನೊಬ್ಬರಾದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಗುಲಾಬಿ ಎದ್ದು ಕೂತಳು, ಕತ್ತಲಲ್ಲೇ ಕಾಲಾಡಿಸಿ ಚಪ್ಪಲಿ ಹುಡುಕಿದಳು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಅರವತ್ತಾರು ದಾಟಿದ ಅವಳು ದಿನಾ ರಾತ್ರಿ ಒಮ್ಮೆಯಾದರೂ ಎದ್ದು ಒಲೆ ನೋಡಿ ಬರದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಮಗ ಕಿರಣ ಇದಕ್ಕೆ ‘ಅಮ್ಮನ ನೈಟ್ ಡ್ಯೂಟಿ’ ಎಂದು ಹೆಸರಿಟ್ಟಿದ್ದ.

ಮೂರು ಗುಂಡಿಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಮೂರೂ ಬಂದ್ ಆಗಿದ್ದವು. ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಿದಳು, ಅದೂ ಬಂದ್ ಆಗಿತ್ತು. ಅಷ್ಟರಲ್ಲಿ ಮತ್ತೆ ‘ಟಕ್’. ಈ ಸಲ ಅದು ಮುಂದಿನ ಕೋಣೆಯಿಂದ ಬಂತು, ಅದರ ಬೆನ್ನಿಗೇ ಗಿಟಾರಿನ ತಂತಿಗಳ ಒಂದು ಸುರಿಮಳೆ.

ಗುಲಾಬಿ ಉಸಿರು ಬಿಟ್ಟಳು. ಗಂಡ ರತ್ನಾಕರ ಅವರದ್ದೇ ಕೆಲಸ. ಕೊಲ್ಕತ್ತಾದ ಬಾಲಿಗಂಜಿನ ಆ ಬೀದಿಯಲ್ಲಿ ಕೊನೆಯ ಆಟೊ ಹೋಗಿ, ಎದುರಿನ ಮನೆಯ ಟಿವಿ ನಿಂತ ಮೇಲೆಯೇ ಅವರು ರೆಕಾರ್ಡು ಹಾಕುವುದು. ಹಗಲಲ್ಲಿ ಕೇಳಿದರೆ ಉಗುರಿನ ಸದ್ದು ಸಿಗುವುದಿಲ್ಲ ಎನ್ನುತ್ತಿದ್ದರು. ಬೆರಳಿನ ಉಗುರು ತಂತಿಯನ್ನು ಬಿಡುವಾಗಿನ ಸದ್ದು, ಗಿಟಾರಿನ ಮರದ ಮೇಲೆ ಉಂಗುರದ ಬೆರಳು ತಟ್ಟುವ ‘ಟಕ್’, ಅವರಿಗೆ ರಾಗಕ್ಕಿಂತ ಇವುಗಳ ಮೇಲೆ ಕಿವಿ ಜಾಸ್ತಿ.

ಅವಳು ಹಿಂದಿರುಗಬೇಕೆನ್ನುವಾಗ ಆ ಕೋಣೆಯಿಂದ ಒಬ್ಬ ಹೆಂಗಸು ಮೆಲ್ಲಗೆ ಕೂಗಿದಳು.

“ಒಲೇ...”

“ಆರಿಸಿ ಆಯ್ತು” ಎನ್ನಲು ಗುಲಾಬಿ ಬಾಯಿ ತೆರೆದೇಬಿಟ್ಟಿದ್ದಳು. ಕೈಯಿನ್ನೂ ಒಲೆಯ ಮೇಲಿತ್ತು. ಗಿಟಾರು ಮುಂದೆ ಓಡುತ್ತಿತ್ತು. ಆ ದನಿ ಯಾರದೆಂದು ಅವಳಿಗೆ ಗೊತ್ತಾಗಲು ಎರಡು ಕ್ಷಣ ಸಾಕಾಯಿತು. ಅದು ಅವಳದೇ ದನಿ, ಇಪ್ಪತ್ತೆಂಟರ ಪ್ರಾಯದ್ದು.

“ಕೇಳಿತಾ?” ಎಂದರು ರತ್ನಾಕರ, ಬಾಗಿಲಲ್ಲಿ ಬಂದು ನಿಂತ ಅವಳ ಕಡೆ ತಿರುಗದೆ. ಹೊಸ ರೆಕಾರ್ಡು ಕಪ್ಪಗೆ ಹೊಳೆಯುತ್ತ ತಿರುಗುತ್ತಿತ್ತು. “ಎರಡನೇ ನಿಮಿಷದಲ್ಲಿ ಬರ್ತದಲ್ಲ, ಅದು. ಎಂತ ಪ್ರೀತಿ ಉಂಟು ನೋಡು ಆ ದನಿಯಲ್ಲಿ.”

“ಗಂಟೆ ಒಂದಾಗ್ತಾ ಬಂತು. ಮಲಗಿ” ಎಂದಷ್ಟೇ ಹೇಳಿ ಗುಲಾಬಿ ಹಾಸಿಗೆಗೆ ಹೋದಳು. ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ.

ರತ್ನಾಕರ ಕಾರ್ಕಳದವರು. ಬ್ಯಾಂಕಿನ ಕೆಲಸಕ್ಕೆಂದು ಎಪ್ಪತ್ತೊಂಬತ್ತರಲ್ಲಿ ಕೊಲ್ಕತ್ತಾಕ್ಕೆ ಬಂದು ಇಲ್ಲೇ ನಿವೃತ್ತರಾದವರು. ಬಂದ ಮೊದಲ ವರ್ಷ ಯಾವುದೋ ರೆಕಾರ್ಡಿನ ಅಂಗಡಿಯ ಮುಂದೆ ಮಳೆಗೆ ನಿಂತಿದ್ದಾಗ ಒಳಗಿನಿಂದ ಸ್ಪೇನಿನ ಫ್ಲಮೆಂಕೊ ಗಿಟಾರ್ ಕೇಳಿಸಿತಂತೆ. ತಂತಿಯಲ್ಲಿ ಚೆಂಡೆ ಬಾರಿಸಿದ ಹಾಗಿತ್ತು ಎಂದು ಇಂದಿಗೂ ಹೇಳುತ್ತಾರೆ. ಮಳೆ ನಿಂತರೂ ಅವರು ಅಲ್ಲಿಂದ ಕದಲಲಿಲ್ಲ. ಆಮೇಲೆ ನಲವತ್ತೈದು ವರ್ಷ ಅದೇ ಹುಚ್ಚು. ಅರಗಿನ ಹಳೆಯ ಪ್ಲೇಟುಗಳು, ಅವೇ ಸಂಗೀತದ ದೊಡ್ಡ ರೆಕಾರ್ಡುಗಳು, ಅವೇ ಮತ್ತೆ ಕ್ಯಾಸೆಟ್ಟಿನಲ್ಲಿ, ಸಿಡಿಯಲ್ಲಿ, ಈಗ ಮತ್ತೆ ದೊಡ್ಡ ರೆಕಾರ್ಡಿನಲ್ಲಿ. ಒಂದೊಂದು ಮರುಮುದ್ರಣ ಬಂದಾಗಲೂ ಹಳೆಯದರ ಪಕ್ಕ ಇಟ್ಟು ಕೇಳುವರು. ಕರಕರ ತೆಗೆಯುವ ಭರದಲ್ಲಿ ಎಲ್ಲಿ ಉಗುರಿನ ಸದ್ದನ್ನೂ ತೆಗೆದುಬಿಟ್ಟಿದ್ದಾರೆ ಎಂದು ಪುಸ್ತಕದಲ್ಲಿ ಬರೆದಿಡುವರು. “ಒಂದೇ ಸಾರು, ಐದು ಪಾತ್ರೆಯಲ್ಲಿ” ಎಂದು ಗುಲಾಬಿ ತಮಾಷೆ ಮಾಡುತ್ತಿದ್ದಳು.

ಇಷ್ಟು ರಾಶಿಯಲ್ಲಿ ಅವರ ಜೀವದಂತಿದ್ದದ್ದು ಒಂದೇ ಪ್ಲೇಟು. ಸಿಯಾಲ್ದಾ ಸ್ಟೇಷನ್ನಿನ ಹಿಂದೆ ಪಾದಚಾರಿ ದಾರಿಯಲ್ಲಿ ಹಳೆ ಬೀಗ, ಮುರಿದ ಫ್ಯಾನುಗಳ ನಡುವೆ ಸಿಕ್ಕಿದ್ದು. ಮನೋಲೊ ಎಲ್ ವೆಲೊನೇರೊ ಎಂಬ ಗಿಟಾರುಗಾರ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ನುಡಿಸಿದ್ದು. ಅವನು ಅದಾಗಿ ಏಳು ವರ್ಷಕ್ಕೆ ಸ್ಪೇನಿನ ಅಂತರ್ಯುದ್ಧದಲ್ಲಿ ಕಾಣೆಯಾದ. ಅವನ ಹೆಸರು ಪುಸ್ತಕಗಳಲ್ಲಿತ್ತು, ಸಂಗೀತ ಯಾರ ಹತ್ತಿರವೂ ಇರಲಿಲ್ಲ. ಮೂರು ವರ್ಷದ ಹಿಂದೆ ಅದೇ ದೇಶದ ಸೆವಿಲ್ಲೆ ನಗರದ ಎಲಾಡಿಯೊ ಎಂಬವನು, ಹಳೆಯ ಗಿಟಾರು ಪ್ಲೇಟುಗಳನ್ನು ಹೊಸದಾಗಿ ಹೊರತರುವವನು, ಯಾರಲ್ಲಾದರೂ ವೆಲೊನೇರೊ ಇದ್ದಾನೆಯೇ ಎಂದು ಸಂಗ್ರಾಹಕರ ಗುಂಪಿನಲ್ಲಿ ಕೇಳಿದ್ದ. ರತ್ನಾಕರ ಆ ಕೂಡಲೇ ‘ಇದ್ದಾನೆ’ ಎಂದು ಬರೆದಿದ್ದರು.

ಎಡವಟ್ಟಾದದ್ದು ಇಲ್ಲಿ. ರತ್ನಾಕರ ಅವರದ್ದೊಂದು ನೇಮ. ಅರಗಿನ ಪ್ಲೇಟಿನ ಮೇಲೆ ಮುಳ್ಳು ಒಂದು ಸಲ ಓಡಿದರೆ ಅಷ್ಟು ಸವೆಯುತ್ತದೆ. ಹಾಗಾಗಿ ಅಪರೂಪದ ಪ್ಲೇಟನ್ನು ಮನೆಗೆ ತಂದ ದಿನ ಒಮ್ಮೆ ಹಾಕಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು, ಮತ್ತೆ ಪ್ಲೇಟನ್ನು ಮುಟ್ಟದೆ ಕ್ಯಾಸೆಟ್ಟನ್ನೇ ಕೇಳುವುದು. ವೆಲೊನೇರೊನನ್ನು ಇಳಿಸಿಕೊಂಡದ್ದು ಎಂಬತ್ತಾರರ ಒಂದು ಭಾನುವಾರ. ಆಮೇಲೆ ಆ ಪ್ಲೇಟಿಗೆ ಮುಳ್ಳು ತಾಗಿಲ್ಲ. ಮೂವತ್ತೆಂಟು ವರ್ಷ ಕೇಳಿದ್ದು ಕ್ಯಾಸೆಟ್ಟು. ಎಲಾಡಿಯೊನಿಗೆ ಕಳಿಸಿದ್ದೂ ಅದರಿಂದ ತೆಗೆದದ್ದೇ. ‘ನನ್ನ ಪ್ಲೇಟಿನಿಂದ’ ಎಂದು ಅವರು ಬರೆದದ್ದು ಸುಳ್ಳು ಹೇಳಬೇಕೆಂದಲ್ಲ. ಅವರ ಮನಸ್ಸಿನಲ್ಲಿ ಪ್ಲೇಟಿಗೂ ಕ್ಯಾಸೆಟ್ಟಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಅದರಲ್ಲೊಬ್ಬಳು ಹೆಂಗಸು ‘ಓಲೇ’ ಅನ್ನುತ್ತಾಳೆ, ಗಮನಿಸಿ ಎಂದು ಮೊದಲು ಬೆರಳಿಟ್ಟು ತೋರಿಸಿದವರೂ ಅವರೇ. ನಮ್ಮಲ್ಲಿ ಯಾರಾದರೂ ಚೆನ್ನಾಗಿ ನುಡಿಸಿದರೆ ‘ಭಲೇ’ ಎನ್ನುವಂತೆ ಅಲ್ಲಿ ‘ಓಲೇ’ ಎನ್ನುತ್ತಾರೆ. ಎಲಾಡಿಯೊ ಈಗ ಹೊರತಂದ ಹೊಸ ರೆಕಾರ್ಡಿನ ಜೊತೆ ಬಂದ ಪುಸ್ತಿಕೆಯಲ್ಲಿ ಆ ಒಂದು ಪದದ ಬಗ್ಗೆ ಒಂದು ಪುಟವಿತ್ತು. ಅಷ್ಟು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ ‘ಓಲೇ’ ಅಂದ ಹೆಣ್ಣುದನಿ ಮತ್ತಾವ ಹಳೆಯ ಪ್ಲೇಟಿನಲ್ಲೂ ಇಲ್ಲವಂತೆ.

ಕ್ಯಾಸೆಟ್ಟಿನ ಸರಸರದಲ್ಲಿ ಗುಲಾಬಿಯ ಕಿವಿಗೆ ಎಂದೂ ಬೀಳದಿದ್ದ ಆ ದನಿ ಹೊಸ ರೆಕಾರ್ಡಿನಲ್ಲಿ ಎದ್ದು ಕೇಳಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ಅವಳು ಆ ಭಾನುವಾರವನ್ನು ನೆನಪಿಸಿಕೊಂಡಳು. ಆಗ ಮನೆ ಜಾದವ್‌ಪುರದಲ್ಲಿ, ಎರಡು ಕೋಣೆಯದ್ದು. ಗ್ಯಾಸಿಗೆ ಹೆಸರು ಬರೆಸಿ ಕಾಯುತ್ತಿದ್ದ ಕಾಲ. ಬಕೆಟ್ಟಿನಲ್ಲಿ ಮಣ್ಣು ಮೆತ್ತಿ ಮಾಡಿದ ಕಲ್ಲಿದ್ದಲಿನ ಒಲೆ. ಕಿರಣ ಐದು ತಿಂಗಳ ಕೂಸು. ಅವಳು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ಬಟ್ಟೆ ಒಗೆಯುತ್ತಿದ್ದಳು. ಗಂಡ ಟೇಪ್ ರೆಕಾರ್ಡರನ್ನು ಗ್ರಾಮಫೋನಿನ ಎದುರು ಸ್ಟೂಲಿನ ಮೇಲಿಟ್ಟು, “ಮೂರು ನಿಮಿಷ ಯಾರೂ ಮಾತಾಡ್ಬಾರ್ದು” ಎಂದಿದ್ದರು. ಒಲೆಯ ಮೇಲೆ ಮಗುವಿನ ಹಾಲಿತ್ತು. ಉಕ್ಕುವ ವಾಸನೆ ಬಂತು. ಅವಳು ತಡೆದಳು. ಎದ್ದು ಹೋಗಲು ಸೋಪಿನ ನೀರಲ್ಲಿ ಕಾಲು ಜಾರುತ್ತಿತ್ತು. ‘ಒಲೆ ಮೇಲೆ ಹಾಲುಂಟು, ಸ್ವಲ್ಪ ನೋಡಿ’ ಎಂದು ಇಡೀ ಮಾತು ಹೇಳಿದರೆ ಅವರ ರೆಕಾರ್ಡಿಂಗ್ ಕೆಡುತ್ತದೆಂದು ಒಂದೇ ಪದ ಆರಿಸಿಕೊಂಡಳು. ಅದನ್ನೂ ಆದಷ್ಟು ಸಣ್ಣ ದನಿಯಲ್ಲಿ, ಬಚ್ಚಲಿಂದ ಕೋಣೆಗೆ ಮುಟ್ಟುವಷ್ಟು ಮಾತ್ರ ಎಳೆದು ಹೇಳಿದಳು. ರತ್ನಾಕರ ಕದಲಲಿಲ್ಲ. ಹಾಲು ಉಕ್ಕಿ ಕೆಂಡದ ಮೇಲೆ ಸುರಿಯಿತು. ಆ ದಿನ ಅವಳು ಅತ್ತಿದ್ದಳು. ಹಾಲಿಗಲ್ಲ.

ಆ ದನಿಯಲ್ಲೀಗ ಪ್ರೀತಿ ಕಾಣುತ್ತಿದ್ದಾರೆ.

ಬೆಳಿಗ್ಗೆ ಹೇಳಿಬಿಡುತ್ತೇನೆ ಎಂದುಕೊಂಡಳು. ಹೇಳಿದರೆ ನಗುವ ವಿಷಯವೇ ಅಲ್ಲವೆ. ಆದರೆ ಬೆಳಿಗ್ಗೆ ಚಹಾದ ಲೋಟ ಇಡುವ ಮೊದಲೇ ರತ್ನಾಕರ ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದರು.

“ಎಲಾಡಿಯೊ ಕಳಿಸಿದ್ದು. ಇದನ್ನು ನೋಡು ನೀನು.”

ವಿಡಿಯೊದಲ್ಲಿ ಒಬ್ಬಳು ಮುದುಕಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕೂದಲು ಹಿಂದಕ್ಕೆ ಬಾಚಿ ಕಟ್ಟಿತ್ತು. ವೆಲೊನೇರೊನ ಮಗಳು, ರೆಮೇದಿಯೊಸ್, ವಯಸ್ಸು ಎಂಬತ್ತೊಂಬತ್ತು. ಅಪ್ಪ ಯುದ್ಧದಲ್ಲಿ ಹೋದಾಗ ಅವಳಿಗೆ ಮೂರು ವರ್ಷ, ಅದೇ ಚಳಿಗಾಲದಲ್ಲಿ ಅಮ್ಮನೂ ಹೋದಳು. ಅಪ್ಪ ಪ್ಲೇಟಿಗೆ ನುಡಿಸಲು ಹೋದಾಗ ಅಮ್ಮನೂ ಜೊತೆಗಿದ್ದಳೆಂದು ಮನೆಯಲ್ಲಿ ಯಾರೋ ಹೇಳಿದ್ದು ಮಾತ್ರ ಅವಳಿಗೆ ಗೊತ್ತು. ಗಿಟಾರು ಓಡಿತು. ‘ಟಕ್’ ಅಂದಿತು. ‘ಒಲೇ’ ಅಂದಿತು. ಮುದುಕಿ ಒಂದು ಬೆರಳು ಮೇಲೆತ್ತಿ ಕ್ಯಾಮೆರಾದ ಕಡೆ ನೋಡಿ ಏನೋ ಹೇಳಿದಳು.

“ಎಂತ ಹೇಳಿದ್ದು?” ಎಂದು ಕೇಳಿದಳು ಗುಲಾಬಿ. ಅವಳಿಗೆ ಆಗಲೇ ಅರ್ಥವಾಗಿತ್ತು.

“ನನ್ನ ಅಮ್ಮ ಅಂತ. ದಿನಾ ಸಂಜೆ ಇದನ್ನು ಹಾಕಿಯೇ ಊಟ ಮಾಡಿಸುದಂತೆ. ಇಲ್ಲದಿದ್ರೆ ಬಾಯಿ ತೆರೆಯುದಿಲ್ಲ ಅಂತೆ.” ರತ್ನಾಕರ ಕನ್ನಡಕ ತೆಗೆದು ಒರೆಸಿಕೊಂಡರು. “ಕಾರ್ಕಳದ ಒಬ್ಬ ಬ್ಯಾಂಕಿನವ ಎಲ್ಲಿಯೋ ಒಬ್ಬಳಿಗೆ ಅವಳ ಅಮ್ಮನ ದನಿ ತಂದುಕೊಟ್ಟ. ಆಲೋಚನೆ ಮಾಡು ನೀನು.”

ಗುಲಾಬಿ ಆಲೋಚನೆ ಮಾಡಿದಳು. ಚಹಾ ಆರಿತು.

ಸಂಜೆ, ಹೆಂಡತಿ ಪ್ರೇರಣಾಳ ಜೊತೆ ಊರಿನ ಆಚೆ ತುದಿಯ ನ್ಯೂಟೌನಿನಲ್ಲಿರುವ ಕಿರಣ ಫೋನ್ ಮಾಡಿದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವನ ಕನ್ನಡಕ್ಕೆ ಅವನದ್ದೇ ವ್ಯಾಕರಣ. “ಅಮ್ಮಾ, ಬ್ಯಾಕ್ ಕವರಲ್ಲಿ ಡ್ಯಾಡಿ ನೇಮ್ ಉಂಟು, ನೋಡಿದ್ಯಾ? ಕಲೆಕ್ಷನ್ ಆಫ್ ರತ್ನಾಕರ, ಕ್ಯಾಲ್ಕಟಾ. ಪ್ರೇರಣಾ ಆಫೀಸಲ್ಲಿ ಎಲ್ರಿಗೂ ತೋರಿಸಿದ್ದಾಳೆ.”

“ನೋಡಿದೆ ಮಗಾ.”

“ವಾಯ್ಸ್ ಡಲ್ ಯಾಕೆ? ನೈಟ್ ಡ್ಯೂಟಿ ಜಾಸ್ತಿ ಆಯ್ತಾ?”

“ಇಲ್ಲ, ಸ್ವಲ್ಪ ಶೀತ” ಎಂದಳು ಗುಲಾಬಿ.

ವಿಡಿಯೊದ ಜೊತೆ ಬಂದ ಎಲಾಡಿಯೊನ ಪತ್ರದಲ್ಲಿ ಇನ್ನೊಂದು ಮಾತಿತ್ತು. ರೆಕಾರ್ಡಿನ ಎರಡನೆಯ ಮುದ್ರಣಕ್ಕೆ ಮೂಲ ಪ್ಲೇಟನ್ನೇ ಕಳಿಸಿಕೊಡಬೇಕಂತೆ. ಅಲ್ಲಿಯ ಧ್ವನಿ ಸಂಗ್ರಹಾಲಯವೊಂದರಲ್ಲಿ ಮುಳ್ಳು ತಾಗಿಸದೆ ಬೆಳಕಿನಿಂದಲೇ ಗೆರೆ ಓದುವ ಯಂತ್ರ ಬಂದಿದೆ. ಅದರಲ್ಲಿ ಓದಿಸಿದರೆ ಆ ತಾಯಿಯ ದನಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಜಾದವ್‌ಪುರದ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಮುಂದಿನ ವಾರ ಸ್ಪೇನಿಗೆ ಹೊರಟಿದ್ದಾಳೆ, ಶನಿವಾರ ಮನೆಗೆ ಬಂದು ಕೈಯಲ್ಲೇ ಒಯ್ಯುತ್ತಾಳೆ.

ಯಂತ್ರ ಓದಿದರೆ ಪ್ಲೇಟಿನಲ್ಲಿ ಯಾವ ಹೆಂಗಸೂ ಇಲ್ಲವೆಂದು ಸೆವಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಗಂಡನನ್ನು ಸುಳ್ಳುಗಾರನೆನ್ನುತ್ತಾರೆ. ಮುದುಕಿಗೆ ಯಾರಾದರೂ ಹೋಗಿ, ಅದು ನಿನ್ನ ಅಮ್ಮನಲ್ಲ, ಕೊಲ್ಕತ್ತಾದಲ್ಲಿ ಹಾಲು ಕಾಯಿಸುತ್ತಿದ್ದ ಯಾರೋ ಒಬ್ಬಳು ಎಂದು ಹೇಳಬೇಕಾಗುತ್ತದೆ. ಶನಿವಾರಕ್ಕೆ ಐದು ದಿನವಿತ್ತು.

ಬುಧವಾರ ಆ ಸಂಶೋಧಕಿ ಮೊದಲು ಒಮ್ಮೆ ನೋಡಿಹೋಗಲು ಬಂದಳು. ಹೆಸರು ಇಂಚರಾ, ಮೈಸೂರಿನ ಹುಡುಗಿ. ಕನ್ನಡದವಳೆಂದು ತಿಳಿದು ರತ್ನಾಕರ ಹಿಗ್ಗಿ ಹೋದರು. ಗುಲಾಬಿ ಮಾತ್ರ ಕಾವಲಿಯ ಮುಂದೆ ಲೆಕ್ಕ ಹಾಕಿದಳು. ಸ್ಪೇನಿನವರ ಕಿವಿ ಬೇರೆ, ಕನ್ನಡದವರ ಕಿವಿ ಬೇರೆ. ನೀರುದೋಸೆ ಬಡಿಸುತ್ತ ಬಡಿಸುತ್ತ ಅವಳು ಹುಡುಗಿಯ ಮುಖವನ್ನೇ ಕಾದಳು.

ರತ್ನಾಕರ ಹೊಸ ರೆಕಾರ್ಡು ಹಾಕಿದರು. ಇಂಚರಾ ಬೆರಳು ನೆಕ್ಕುತ್ತ ಕೇಳಿದಳು. ಎರಡನೆಯ ನಿಮಿಷಕ್ಕೆ ತಲೆಯೆತ್ತಿದಳು, ಕಿಸಕ್ಕನೆ ನಕ್ಕಳು.

“ಸಾರಿ ಸಾರ್. ನಮ್ಮಜ್ಜಿ ನೆನಪಾಗ್ಬಿಟ್ರು. ಪಡಸಾಲೇಲಿ ಕೂತ್ಕೊಂಡೇ ಹಿಂಗೇ ಕೂಗೋರು, ಒಲೇ... ಅಂತ. ಯಾರಾದ್ರೂ ಓಡಿಹೋಗಿ ಉರಿ ಸಣ್ಣ ಮಾಡ್ಬೇಕು.”

ಗುಲಾಬಿ ದೋಸೆಯ ತಟ್ಟೆ ನೋಡಲಿಲ್ಲ, ಹುಡುಗಿಯನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ರತ್ನಾಕರ ಎಂದಿನಂತೆ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಆ ಕೈ ತೊಡೆಯ ಮೇಲೆ ನಿಂತಿತು. ಕಣ್ಣು ತೆರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಗಬೇಕೆಂದು ನೆನಪಾದವರಂತೆ ನಕ್ಕರು.

“ಸ್ಪೇನಿನವರಿಗೆ ಹೇಳ್ಬೇಡಿ ಮಾರಾಯ್ರೆ. ಮತ್ತೆ ಅಜ್ಜಿಯ ಹೆಸರೂ ಕವರಿನ ಮೇಲೆ ಹಾಕ್ಬೇಕಾದೀತು.”

“ಹಾಕ್ಲಿ ಬಿಡಿ ಸಾರ್, ಅಜ್ಜಿಗೆ ಖುಷಿಯಾಗುತ್ತೆ” ಎಂದು ಇಂಚರಾ ಇನ್ನೊಂದು ದೋಸೆಗೆ ತಟ್ಟೆ ಮುಂದೆ ಮಾಡಿದಳು. ಅವಳ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿದಿತ್ತು.

ಆ ರಾತ್ರಿ ರತ್ನಾಕರ ರೆಕಾರ್ಡು ಹಾಕಲಿಲ್ಲ. ಬೇಗ ಮಲಗಿದರು. ಅವರಿಗೂ ನಿದ್ದೆ ಬಂದಿಲ್ಲವೆಂದು ಗುಲಾಬಿಗೆ ಉಸಿರಿನಿಂದ ತಿಳಿಯುತ್ತಿತ್ತು. ಕೇಳಲಿ, ಒಂದು ಸಲ ಕೇಳಲಿ, ಹೇಳಿಬಿಡುತ್ತೇನೆ ಎಂದು ಕಾದಳು. ಅವರು ಕೇಳಲಿಲ್ಲ. ತಾನಾಗಿ ಹೇಳಿದರೆ ಅವರ ನಲವತ್ತೈದು ವರ್ಷಕ್ಕೆ ಒಂದೇ ಸಲ ನೀರು ಸುರಿದಂತಾಗುತ್ತದೆ. ಮತ್ತೆ, ಒಂದು ವೇಳೆ ತನ್ನದೇ ತಪ್ಪಾಗಿದ್ದರೆ? ಪ್ಲೇಟಿನಲ್ಲಿ ನಿಜವಾಗಿಯೂ ಒಬ್ಬಳಿದ್ದು, ಅವಳ ದನಿ ತನ್ನ ಹಾಗಿದ್ದರೆ? ಅದೊಂದು ಆಸೆ ಉಳಿದಿತ್ತು.

ಗುರುವಾರ ಬೆಳಿಗ್ಗೆ ರತ್ನಾಕರ ಪ್ಲೇಟು ಕಟ್ಟಲು ದಪ್ಪ ರಟ್ಟು ತರುತ್ತೇನೆಂದು ಗರಿಯಾಹಾಟಿನ ಮಾರುಕಟ್ಟೆಗೆ ಹೊರಟರು. ಅವರು ಬೀದಿಯ ತಿರುವು ದಾಟುವುದನ್ನು ಕಿಟಕಿಯಿಂದ ನೋಡಿ ಗುಲಾಬಿ ಮುಂದಿನ ಕೋಣೆಗೆ ಬಂದಳು. ಕೈ ಸೋಪಿನಿಂದ ತೊಳೆದು ಒರೆಸಿಕೊಂಡಿದ್ದಳು. ಕಪಾಟಿನ ಮೇಲಿನ ಅರೆಯಿಂದ ಕಂದು ಕಾಗದದ ಚೀಲ ಇಳಿಸಿ, ಪ್ಲೇಟನ್ನು ಅಂಚಿನಲ್ಲಿ ಹಿಡಿದು ಹೊರಗೆಳೆದಳು. ಅದು ನೆನಪಿಗಿಂತ ಭಾರವಿತ್ತು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ವೇಗಕ್ಕೆ ಯಂತ್ರವನ್ನು ಹೇಗೆ ತಿರುಗಿಸುವುದು, ಯಾವ ಮುಳ್ಳು ಹಾಕುವುದು, ಇಷ್ಟು ವರ್ಷ ನೋಡಿ ನೋಡಿ ಅವಳಿಗೆ ಗೊತ್ತಿತ್ತು.

ಕರಕರದ ಹಿಂದಿನಿಂದ ಗಿಟಾರು ಬಂತು. ಕ್ಯಾಸೆಟ್ಟಿನಲ್ಲಿ ಪರದೆಯ ಹಿಂದಿದ್ದಂತೆ ಕೇಳುತ್ತಿದ್ದದ್ದು ಈಗ ಕೋಣೆಯೊಳಗೇ ಕೂತಂತಿತ್ತು. ಒಂದು ನಿಮಿಷ ಕಳೆಯಿತು. ಅವಳು ಗೋಡೆಯ ಗಡಿಯಾರದ ಕೆಂಪು ಮುಳ್ಳನ್ನೇ ನೋಡುತ್ತಿದ್ದಳು. ‘ಟಕ್.’ ಮತ್ತೆ ‘ಟಕ್.’

ದನಿ ಬರಲಿಲ್ಲ.

ಆದರೆ ಅದೇ ಜಾಗದಲ್ಲಿ ಬೇರೆಯದೊಂದಿತ್ತು. ಬೆರಳು ಮರಕ್ಕೆ ತಟ್ಟಿ ಮುಂದಿನ ಓಟಕ್ಕೆ ಹೊರಡುವ ಮುನ್ನ, ನುಡಿಸುವವನು ಮೂಗಿನಿಂದ ಒಮ್ಮೆ ಆಳವಾಗಿ ಉಸಿರೆಳೆದುಕೊಂಡಿದ್ದ. ಭಾರ ಎತ್ತುವ ಮುಂಚೆ ಎಳೆದುಕೊಳ್ಳುವಂಥ ಉಸಿರು. ಗುಲಾಬಿ ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟು ಇನ್ನೊಂದು ಸಲ ಕೇಳಿದಳು. ಹೌದು, ಉಸಿರೇ. ಕ್ಯಾಸೆಟ್ಟಿನಲ್ಲಿ ಅದರ ಮೇಲೆ ಸರಿಯಾಗಿ ತನ್ನ ‘ಒಲೇ’ ಬಂದು ಕೂತುಬಿಟ್ಟಿತ್ತು. ಒಬ್ಬಳು ಮುದುಕಿಯ ಅಪ್ಪನ ಉಸಿರು ಅದು, ತೊಂಬತ್ತಕ್ಕೂ ಹೆಚ್ಚು ವರ್ಷ ಹಿಂದಿನದ್ದು. ಮುದುಕಿಗೆ ಅದು ಸಿಕ್ಕಿರಲಿಲ್ಲ. ಸಿಕ್ಕಿದ್ದು ಗುಲಾಬಿಯ ಹಾಲಿನ ಚಿಂತೆ.

ಕೆಳಗೆ ಗೇಟಿನ ಚಿಲಕದ ಸದ್ದಾಯಿತು. ಗಡಿಬಿಡಿಯಲ್ಲಿ ಪ್ಲೇಟನ್ನು ಚೀಲಕ್ಕೆ ಹಾಕಿ, ಮೇಲಿಟ್ಟು, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ರತ್ನಾಕರ ಬಂದವರು ರಟ್ಟು ಕೆಳಗಿಟ್ಟು ಕಪಾಟಿನ ಮುಂದೆ ನಿಂತರು. ಅವರು ಚೀಲವನ್ನು ಯಾವಾಗಲೂ ಬಾಯಿ ಗೋಡೆಯ ಕಡೆಗಿರುವಂತೆ ಇಡುವುದು, ಧೂಳು ಕೂರದಿರಲೆಂದು. ಈಗ ಬಾಯಿ ಹೊರಕ್ಕಿತ್ತು. ಗುಲಾಬಿ ಅದನ್ನು ಅಡುಗೆಮನೆಯ ಬಾಗಿಲಿಂದ ಅದೇ ಕ್ಷಣ ಕಂಡಳು.

“ಪ್ಲೇಟು ಮುಟ್ಟಿದ್ಯಾ?” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಧೂಳು ಹೊಡೆದೆ.”

“ಧೂಳು.”

“ಹೂಂ.”

ಅವರು ಯಂತ್ರದ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತರು. ಓಡಿದ ಯಂತ್ರ ಸ್ವಲ್ಪ ಹೊತ್ತು ಬಿಸಿಯಾಗಿರುತ್ತದೆ. ಆಮೇಲೆ ಕೈಕಾಲು ತೊಳೆಯಲು ಹೋದರು. ಊಟಕ್ಕೆ ಕೂತಾಗ ಬಸಳೆ ಸಾರು ಚೆನ್ನಾಗಿದೆ ಎಂದರು. ಎರಡು ಸಲ ಎಂದರು.

ಶುಕ್ರವಾರ ಮಧ್ಯಾಹ್ನ ಗುಲಾಬಿ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಊಟದ ನಂತರದ ಹೊತ್ತು, ಬೀದಿ ನಿದ್ದೆ ಹೋಗಿತ್ತು. ಒಳಗಿನಿಂದ ಹಪ್ಪಳ ಮುರಿದಂತೆ ಒಂದು ಸದ್ದು ಬಂತು. ಏನೂ ಬಿದ್ದ ಸದ್ದಲ್ಲ. ಮುರಿದ ಸದ್ದು ಮಾತ್ರ.

ಅವಳು ಒದ್ದೆ ಪಂಚೆಯನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಚುಚ್ಚಿ, ಎರಡು ಮೂಲೆ ಎಳೆದು ಸರಿ ಮಾಡಿದಳು. ಆಮೇಲೆ ಒಳಗೆ ಹೋದಳು. ಅಷ್ಟು ಹೊತ್ತು ಏಕೆ ತಡೆದೆನೆಂದು ತಾನೇ ತನ್ನನ್ನು ಕೇಳಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

ರತ್ನಾಕರ ಮಂಚದ ತುದಿಯಲ್ಲಿ ಕೂತಿದ್ದರು. ಮಡಿಲಲ್ಲಿ ಪ್ಲೇಟು ಎರಡು ತುಂಡಾಗಿತ್ತು, ಅಳತೆ ಮಾಡಿ ಮುರಿದಂತೆ ನಡುವಿನಿಂದ. ನೆಲದಲ್ಲಿ ಒಂದು ಚೂರೂ ಇರಲಿಲ್ಲ. ಕೈಯಿಂದ ಜಾರಿ ಬಿದ್ದ ಅರಗಿನ ಪ್ಲೇಟು ಹೇಗೆ ನೂರು ಚೂರಾಗಿ ಕೋಣೆಯ ಮೂಲೆಮೂಲೆಗೆ ಹೋಗುತ್ತದೆಂಬುದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

“ಕೈ ಜಾರಿತು” ಎಂದರು ರತ್ನಾಕರ.

ಗುಲಾಬಿ ಅವರ ಮೊಣಕಾಲನ್ನು ನೋಡಿದಳು. ಪಂಚೆಯ ಮೇಲೆ ಕಪ್ಪು ಹುಡಿಯ ಒಂದು ನೇರ ಗೆರೆ ಇತ್ತು.

“ವಯಸ್ಸಾಯ್ತಲ್ಲ, ಕೈಯಲ್ಲಿ ಬಲ ಇಲ್ಲ” ಎಂದಳು.

“ಹೌದು. ಬಲ ಇಲ್ಲ.”

ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು. ಸಂಜೆ ಅವರು ತುಂಡುಗಳನ್ನು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಸುತ್ತಿ ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿ, ಮೇಲಿನಿಂದ ತರಕಾರಿಯ ಸಿಪ್ಪೆ ಎಳೆದು ಮುಚ್ಚಿದರು. ರಾತ್ರಿ ಒಲೆ ನೋಡಲು ಎದ್ದಾಗ ಗುಲಾಬಿ ಆ ಪೊಟ್ಟಣವನ್ನು ಹೊರತೆಗೆದಳು. ಏಕೆಂದು ಅವಳಿಗೆ ಗೊತ್ತಿರಲಿಲ್ಲ. ಒದ್ದೆಯಾಗಿದ್ದ ಪತ್ರಿಕೆ ಬಿಚ್ಚಿ, ತುಂಡುಗಳನ್ನು ಸೆರಗಿನಿಂದ ಒರೆಸಿ, ಒಂದು ಹಳೆಯ ಮೆತ್ತನೆ ಸೀರೆಯಲ್ಲಿ ಸುತ್ತಿದಳು. ಚೌತಿಯ ಪಾಯಸಕ್ಕೆ ಮಾತ್ರ ಇಳಿಸುವ ಹಿತ್ತಾಳೆಯ ಅಗಲ ಪಾತ್ರೆ, ಉರುಳಿ, ಅಟ್ಟದ ಮೇಲಿತ್ತು. ಸ್ಟೂಲು ಹತ್ತಿ ಅದರೊಳಗಿಟ್ಟು ಮುಚ್ಚಿದಳು.

ಶನಿವಾರ ಹತ್ತು ಗಂಟೆಗೆ ಇಂಚರಾ ಬಂದಳು. ಪ್ಲೇಟು ಇಡಲೆಂದೇ ಒಂದು ಗಟ್ಟಿ ಪೆಟ್ಟಿಗೆ ತಂದಿದ್ದಳು. ವಿಷಯ ಕೇಳಿ ಅವಳ ಮುಖ ಸಣ್ಣದಾಯಿತು. ಆಮೇಲೆ ಚಟಕ್ಕನೆ ತಲೆಯೆತ್ತಿದಳು.

“ಎಷ್ಟು ತುಂಡಾಗಿದೆ ಸಾರ್?”

“ಎರಡು” ಎಂದುಬಿಟ್ಟರು ರತ್ನಾಕರ, ಯೋಚಿಸದೆ.

“ಎರಡೇನಾ? ಹಂಗಾದ್ರೆ ಏನೂ ಆಗಿಲ್ಲ ಬಿಡಿ. ಆ ಮಷೀನು ಫೋಟೊ ತೆಗೆದು ಓದೋದು, ಒಡೆದಿರೋದನ್ನೂ ಜೋಡಿಸಿ ಓದುತ್ತಂತೆ. ಹಿಂಗೇ ಕೊಡಿ, ನಾನು ತಗೊಂಡ್ಹೋಗ್ತೀನಿ. ಒಡೆದಿರೋದು ಅಂದ್ರೆ ಅವ್ರಿಗೆ ಇನ್ನೂ ಉತ್ಸಾಹ.”

ರತ್ನಾಕರ ಹೆಂಡತಿಯ ಕಡೆ ನೋಡಲಿಲ್ಲ.

“ಬೆಳಿಗ್ಗೆ ಸೀಟಿ ಹೊಡ್ಕೊಂಡು ಕಸದ ಗಾಡಿ ಬರ್ತದಲ್ಲ” ಎಂದರು. “ಅದಕ್ಕೆ ಹೋಯ್ತು. ಮುರಿದದ್ದನ್ನು ಮನೆಯಲ್ಲಿ ಇಡುದು ಬೇಡ ಅಂತ... ಇನ್ನು ಎಂತ ಮಾಡುದು.”

ಇಂಚರಾ ತಲೆ ಹಿಡಿದುಕೊಂಡಳು. ಬೈಯಲಾಗದ್ದಕ್ಕೆ ಒಂದು ಲೋಟ ನೀರು ಕುಡಿದಳು. ಹೊರಡುವಾಗ ಗುಲಾಬಿ ಮೆಟ್ಟಿಲವರೆಗೆ ಬಂದಳು. ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು:

“ಆಂಟಿ, ಆ ಪ್ಲೇಟನ್ನ ನೀವು ಯಾವತ್ತಾದ್ರೂ ಕೇಳಿದ್ರಾ? ಕಾಪೀಲಿ ಇಲ್ದಿರೋದು ಏನಾದ್ರೂ ಇತ್ತಾ ಅದ್ರಲ್ಲಿ? ಆ ಅಜ್ಜಿಗೆ ಹೇಳ್ಬೋದಿತ್ತು ಅಂತ. ಮುಂದಿನ ವಾರ ಅವ್ರನ್ನ ನೋಡೋಕೆ ಹೋಗ್ತಿದೀನಿ.”

ಇತ್ತು ಎನ್ನಬಹುದಿತ್ತು. ನಿಮ್ಮ ಅಪ್ಪ ಉಸಿರೆಳೆದುಕೊಂಡದ್ದು ಅದರಲ್ಲಿತ್ತು ಎಂದು ಆ ಅಜ್ಜಿಗೆ ಹೇಳು ಎನ್ನಬಹುದಿತ್ತು. ಬಾ ಒಳಗೆ, ಸ್ಟೂಲು ಹಿಡಿದುಕೋ, ಅಟ್ಟದಿಂದ ಉರುಳಿ ಇಳಿಸುವ ಎನ್ನಬಹುದಿತ್ತು. ಅಷ್ಟು ಹೇಳಿದರೆ ಅಮ್ಮ ಹೋಗುತ್ತಾಳೆ. ಹೇಳದಿದ್ದರೆ ಅಪ್ಪ ಹೋಗುತ್ತಾನೆ. ಎಂಬತ್ತೊಂಬತ್ತರ ಒಬ್ಬಳು ಮುದುಕಿಯ ಪರವಾಗಿ ಇದನ್ನು ಆರಿಸಲು ತಾನು ಯಾರು ಎಂದು ಗುಲಾಬಿಗೆ ಅನ್ನಿಸಿತು. ಆದರೆ ಮೆಟ್ಟಿಲ ಮೇಲೆ ನಿಂತವಳು ಅವಳೊಬ್ಬಳೇ. ಗಂಡ ಮಾಡಿದ್ದನ್ನು ಮೆಚ್ಚಲು ಅವಳಿಂದಾಗಲಿಲ್ಲ, ಅವರನ್ನು ಬಿಟ್ಟುಕೊಡಲೂ ಆಗಲಿಲ್ಲ. ಆ ಪ್ಲೇಟು ಮುರಿಯಲು ತನ್ನ ಕೈಯೂ ತಾಗಿದೆ ಎಂಬುದಂತೂ ಅವಳಿಗೆ ತಿಳಿದೇ ಇತ್ತು. ಚೀಲದ ಬಾಯಿ ಗೋಡೆಯ ಕಡೆಗೇ ಇಟ್ಟಿದ್ದರೆ ಆ ದನಿ ಯಾರದೆಂದು ಅವರಿಗೆ ಇನ್ನೂ ಒಂದಿಷ್ಟು ಅನುಮಾನ ಉಳಿದಿರುತ್ತಿತ್ತೇನೋ.

“ನಾನು ಕೇಳಿಲ್ಲಮ್ಮ” ಎಂದಳು. “ನಮ್ಮಲ್ಲಿ ಪ್ಲೇಟು ಹಾಕುವ ಕ್ರಮ ಇಲ್ಲ. ಕ್ಯಾಸೆಟ್ಟೇ ಕೇಳುದು.”

“ಪರವಾಗಿಲ್ಲ ಆಂಟಿ. ಬರ್ತೀನಿ.” ಖಾಲಿ ಪೆಟ್ಟಿಗೆ ಮೆಟ್ಟಿಲಿನ ಕಂಬಿಗೆ ಬಡಿಯುತ್ತ ಕೆಳಗಿಳಿಯಿತು.

ಸಂಜೆ ಕಿರಣ ಫೋನ್ ಮಾಡಿದ. ಪ್ಲೇಟು ಕೊಟ್ಟಾಯಿತಾ ಎಂದು ಕೇಳಿದ. ಡ್ಯಾಡಿಯ ಕೈ ಜಾರಿ ಒಡೆಯಿತು ಎಂದಳು ಗುಲಾಬಿ. “ಓ ನೋ, ಡ್ಯಾಡಿ ಹೇಗುಂಟು?” ಎಂದ ಅವನು. ಊಟ ಮಾಡಿದ್ದಾರೆ ಎಂದಳು.

ಫೋನಿಟ್ಟು ಹಾಲು ಕಾಯಿಸಲು ನಿಂತಳು. ಮುಂದಿನ ಕೋಣೆಯಲ್ಲಿ ರತ್ನಾಕರ, ಇನ್ನೂ ಬೆಳಕಿರುವಾಗಲೇ, ಬೀದಿಯ ಗದ್ದಲದ ನಡುವೆಯೇ ಹೊಸ ರೆಕಾರ್ಡು ಹಾಕಿದರು. ಅಲ್ಲಿ ಆ ಮುದುಕಿಯ ಊರಿನಲ್ಲೂ ಇನ್ನು ಕೆಲವು ಗಂಟೆಗೆ ಸಂಜೆಯಾಗುತ್ತದೆ. ಯಾರೋ ಒಬ್ಬರು ಚಮಚ ಹಿಡಿದು ಕಾಯುತ್ತಾರೆ. ಎರಡನೆಯ ನಿಮಿಷ ಬಂತು. ಬೆರಳು ಮರಕ್ಕೆ ತಟ್ಟಿತು. “ಒಲೇ...” ಎಂದಿತು ದನಿ. ರತ್ನಾಕರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಪಾತ್ರೆಯಲ್ಲಿ ಹಾಲು ಅಂಚಿಗೆ ಏರುತ್ತಿತ್ತು. ಅವರು ಕೈ ಚಾಚಿ ಗುಂಡಿ ತಿರುಗಿಸಿದರು. ಮೂವತ್ತೆಂಟು ವರ್ಷ ತಡವಾಗಿ. ಅವಳ ಮುಖ ನೋಡದೆ ತಿರುಗಿ ಹೋದರು.

ಗುಲಾಬಿ ಗುಂಡಿಯನ್ನು ಮುಟ್ಟಿ ನೋಡಿದಳು. ಸರಿಯಾಗಿ ಬಂದ್ ಆಗಿತ್ತು. ತಲೆಯ ಮೇಲೆ ಅಟ್ಟದಲ್ಲಿ ಉರುಳಿ ಇತ್ತು. ಈ ವರ್ಷ ಚೌತಿಗೆ ಪಾಯಸವನ್ನು ಕುಕ್ಕರಿನಲ್ಲೇ ಮಾಡಬೇಕು, ಯಾರಾದರೂ ಕೇಳಿದರೆ ಉರುಳಿಗೆ ಕಲಾಯಿ ಹಾಕಿಸಬೇಕಿದೆ ಎನ್ನಬೇಕು. ಕಿರಣನಿಗೆ ಹೇಳುವುದಿಲ್ಲ, ಇಂಚರಾಗೆ ಹೇಳುವುದಿಲ್ಲ, ಈ ಬಾಗಿಲಿಂದ ಈಗಷ್ಟೇ ಹೋದವರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಅವಳು ಹಾಲಿಗೆ ತಟ್ಟೆ ಮುಚ್ಚಿದಳು.